ಬಿಸಿಲು ಹಗಲಿಗೆ, ತ್ರೀ ಫೇಸ್ ರಾತ್ರಿಗೆ! ಇದ್ಯಾವ ನ್ಯಾಯ?

ಪಂಪ್‌ಸೆಟ್ ರೈತ ಬಂಧುಗಳೇ,

ಈ ವಾರದಿಂದ ನಮ್ಮ ಫೀಡರ್‌ಗೆ ಮತ್ತೆ ರಾತ್ರಿ ಪಾಳಿ. ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಕೆಸರಲ್ಲಿ ನಿಂತು, ಒದ್ದೆ ಕೈಯಲ್ಲಿ ಸ್ಟಾರ್ಟರ್ ಪೆಟ್ಟಿಗೆಯ ಫ್ಯೂಸ್ ಹಾಕುವುದು ಎಂಥದ್ದು ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ಬದುವಿನ ಮೇಲೆ ಹಾವು, ಗುಡ್ಡದ ಕಡೆ ಚಿರತೆ. ಆಟೋ ಸ್ಟಾರ್ಟರ್ ಹಾಕಿಸಿ ಮನೆಯಲ್ಲಿ ಮಲಗಿದವರಿಗಾದರೂ ನೆಮ್ಮದಿಯೇ? ಕರೆಂಟು ಬಂದ ಗಳಿಗೆಯಲ್ಲಿ ಎಲ್ಲ ಮೋಟಾರೂ ಒಟ್ಟಿಗೆ ಎದ್ದು ಟ್ರಾನ್ಸ್‌ಫಾರ್ಮರ್ (ಟಿಸಿ) ಸುಡುತ್ತದೆ. ಸುಟ್ಟ ಟಿಸಿ ಹೇರುವ ಟ್ರ್ಯಾಕ್ಟರ್ ಬಾಡಿಗೆ ಯಾರ ಜೇಬಿನಿಂದ ಹೋಗುತ್ತದೆ, ನೀವೇ ಹೇಳಿ.

ಒಂದು ಕಾಲಕ್ಕೆ ರಾತ್ರಿ ಪಾಳಿಗೆ ಅರ್ಥವಿತ್ತು. ರಾಯಚೂರಿನ ಕಲ್ಲಿದ್ದಲು ಘಟಕಗಳನ್ನು ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚಲಾಗದು. ಪೇಟೆ ಮಲಗಿದ ಮೇಲೆ ಉಳಿದ ಕರೆಂಟು ನಮ್ಮ ಬೋರಿಗೆ. ಆಯ್ತು, ಒಪ್ಪಿಕೊಂಡೆವು. ಈಗ? ಪಕ್ಕದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ನಿಂತಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ನೆಲ ಕೊಟ್ಟವರು ರೈತರು. ಅಲ್ಲಿ ನಡುಮಧ್ಯಾಹ್ನ ಕರೆಂಟು ಉಕ್ಕುತ್ತದೆ. ಬೇಡಿಕೆ ಸಾಲದ ದಿನ ಸೌರ ಘಟಕಗಳಿಗೆ ಉತ್ಪಾದನೆ ತಗ್ಗಿಸಿ ಅನ್ನುವುದೂ ಉಂಟು. ಬೇಡಿಕೆ ಇಲ್ಲವಂತೆ! ನಮ್ಮ ಮೋಟಾರುಗಳು ಹಗಲೆಲ್ಲ ಬಾಯಿ ಮುಚ್ಚಿಕೊಂಡು ಕೂತಿರುವುದು ಇವರ ಕಣ್ಣಿಗೆ ಬೀಳಲಿಲ್ಲವೇ?

ಸ್ಮಾರ್ಟ್ ಗ್ರಿಡ್ ಎಂದು ಸಭೆಗಳಲ್ಲಿ ಬಾಯಿತುಂಬ ಹೇಳುತ್ತಾರೆ. ಕರೆಂಟು ಹೆಚ್ಚು ಸಿಗುವ ಹೊತ್ತಿಗೇ ಬಳಕೆಯನ್ನು ಹೊಂದಿಸುವುದು ಅದರ ತಿರುಳು. ಪಂಪಿಗಿಂತ ಸುಲಭಕ್ಕೆ ಹೊಂದುವ ಬಳಕೆ ಯಾವುದಿದೆ? ಅದನ್ನು ಬಿಟ್ಟು ಶರಾವತಿಯಲ್ಲಿ ಕಾಡು ಕಡಿದು 2,000 ಮೆಗಾವಾಟ್‌ನ ಯೋಜನೆ ಮಾಡುತ್ತಾರಂತೆ. ಹೆಚ್ಚುವರಿ ಕರೆಂಟಿನಲ್ಲಿ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತುವುದಂತೆ. ಸ್ವಾಮಿ, ನೀರೆತ್ತುವುದೇ ಘನಕಾರ್ಯವಾದರೆ ನಾವು ಐವತ್ತು ವರ್ಷದಿಂದ ಮಾಡುತ್ತಿರುವುದೇನು? "ಅದು ಸಂಜೆ ಕರೆಂಟು ವಾಪಸ್ ಕೊಡುತ್ತದೆ" ಎನ್ನುವ ಎಂಜಿನಿಯರ್ ಸಾಹೇಬರೇ, ನಮ್ಮ ನೀರು ರಾಗಿ, ಟೊಮೆಟೊ ಕೊಡುತ್ತದೆ. ನೀವು ವೋಲ್ಟೇಜ್ ಉಣ್ಣುತ್ತೀರಾ?

"ಪುಕ್ಕಟೆ ಕರೆಂಟು ತಗೊಂಡು ಟೈಮು ಬೇರೆ ಕೇಳ್ತೀರಾ" ಎನ್ನುವವರಿಗೆ: 10 ಎಚ್‌ಪಿವರೆಗೆ ಬಿಲ್ ಇಲ್ಲ ನಿಜ, ಪ್ರಾಣವನ್ನೂ ಪುಕ್ಕಟೆ ಬರೆದುಕೊಟ್ಟಿಲ್ಲ. ಮಾಳಿಗೆ ಮೇಲೆ ನಾಲ್ಕು ಫಲಕ ಹಾಸಿ ಗ್ರಿಡ್‌ಗೆ ಕರೆಂಟು ಮಾರುತ್ತಾ ಭೂಮಿ ಉಳಿಸಿದೆವೆಂದು ಬೀಗುವ ನಗರದ ಹಸಿರು ಮಂದಿ ಒಂದು ರಾತ್ರಿ ನಮ್ಮ ಮೋಟಾರ್ ಮನೆಯಲ್ಲಿ ಮಲಗಲಿ. ಇನ್ನು ಮಂತ್ರಿಗಳ ಪಕ್ಕ ನಿಂತು ಫೋಟೊ ತೆಗೆಸಿಕೊಂಡು "ದಿನಕ್ಕೆ ಏಳು ಗಂಟೆ ಕರೆಂಟು ಗೆದ್ದೆವು" ಎಂದು ಪಟಾಕಿ ಹೊಡೆದ ಇನ್ನೊಂದು ಬಣದ ಹಸಿರು ಶಾಲಿನವರು! ಏಳು ಗಂಟೆ ಯಾವಾಗ ಅಂತ ಕೇಳಲು ಅವರಿಗೆ ನಾಲಿಗೆ ಏಳಲಿಲ್ಲ.

ಹಳ್ಳಿಯನ್ನು ಕಡೆಗೆ ನೂಕುವುದು ಹೊಸದೇನಲ್ಲ ಬಿಡಿ. 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ಓಡಿ ಮೊದಲು ಮುಟ್ಟಿದ್ದು ಕೋಲಾರದ ಚಿನ್ನದ ಗಣಿಯನ್ನು. ತಂತಿಯ ಕೆಳಗಿದ್ದ ಹಳ್ಳಿಗಳು ಕಂಬ ನೋಡುತ್ತಾ ಕೂತವು. ಇವತ್ತೂ ನಮ್ಮ ಹೊಲದ ಮೇಲೆ ಹೈಟೆನ್ಷನ್ ತಂತಿ ಗುಯ್ಗುಡುತ್ತದೆ, ಕೆಳಗೆ ಬೆಳೆ ಬಾಡುತ್ತದೆ.

ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸೌರ ಘಟಕ ಹಾಕಿ ಪಂಪಿನ ಫೀಡರ್‌ಗೆ ಹಗಲಲ್ಲೇ ಕರೆಂಟು ಕೊಡಬಹುದು. ನಮ್ಮ ಸಬ್‌ಸ್ಟೇಷನ್‌ಗೆ ಅದು ಯಾವಾಗ ಎಂದರೆ "ಫೈಲ್ ಮೇಲಕ್ಕೆ ಹೋಗಿದೆ" ಎನ್ನುತ್ತಾರೆ. ಕುಸುಮ್ ಮಾಡುತ್ತಾರೋ, ಪಾವಗಡದಿಂದಲೇ ತರುತ್ತಾರೋ, ಅದು ಅವರ ತಲೆನೋವು. ನಮಗೆ ಹಗಲು ಕರೆಂಟು ಬೇಕು!

ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸಬ್‌ಸ್ಟೇಷನ್ ಗೇಟಿನ ಮುಂದೆ ಸೇರೋಣ. ಮನೆಗೊಬ್ಬರು ಬನ್ನಿ, ಹೆಣ್ಣುಮಕ್ಕಳೂ ಬನ್ನಿ, ಆರ್‌ಆರ್ ನಂಬರಿನ ಚೀಟಿ ತನ್ನಿ. ಮನವಿಗೆ ಸೀಲು ಹಾಕಿದ ಹಿಂಬರಹ ಕೈಗೆ ಬರುವವರೆಗೆ ಯಾರೂ ಜಾಗ ಬಿಟ್ಟು ಏಳುವಂತಿಲ್ಲ.

ಇಂತಿ,
ರಾತ್ರಿ ಪಾಳಿಯ ಪಂಪ್‌ಸೆಟ್ ರೈತರು