ಮನೆಯ ದಿನಚರಿ



ಕೋಲಾರದ ಚಿನ್ನದ ಗಣಿಗಳ ಚರಿತ್ರೆಯು ಅಚ್ಚಾದ ಗ್ರಂಥಗಳಲ್ಲಿ ದೊರೆಯುವುದು. ೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿಯವರು ಬಂದುದನ್ನೂ, ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯು ಬಂದುದನ್ನೂ, ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದುದನ್ನೂ ಅಲ್ಲಿ ಓದಬಹುದು. ಆದರೆ ಪಾತಾಳದಲ್ಲಿ ಬಂಡೆ ಸಿಡಿದು, ಊರಿಗಾಂನ ಸಾಲುಮನೆಯಲ್ಲಿ ಪಾತ್ರೆಗಳು ಅದುರಿದಾಗ, ಪಾಳಿಗೆ ಹೋದ ಪತಿಗಾಗಿ ಗೃಹಿಣಿಯು ಹೇಗೆ ಕಾದಳೆಂಬುದನ್ನು ಬರೆಯುವವರಾರು? ಅದನ್ನು ಮನೆಯವರೇ ಬರೆಯಬೇಕು.

ಈಗಿನ ತರುಣರು ಅಂತರ್ಜಾಲದಲ್ಲಿ ದಿನಚರಿಯನ್ನು ಬರೆಯುತ್ತಿರುವುದು ನಮಗೆ ಸಂತೋಷವೇ. ದೂರದೇಶದಲ್ಲಿರುವ ಮಕ್ಕಳೂ ಅದನ್ನು ಒಡನೆ ಓದಬಲ್ಲರು. ಆದರೆ ಒಂದು ಮಾತನ್ನು ಮರೆಯಬಾರದು. ಗಣಿಯ ಸಾಲುಮನೆಗಳು ಕಂಪೆನಿಯವಾಗಿದ್ದುವು. ಅಂತರ್ಜಾಲದ ಪುಟವೂ ಹಾಗೆಯೇ ಪರರ ನೆಲ. ಜಿಯೊಸಿಟೀಸ್ ಎಂಬ ತಾಣವನ್ನು ಯಾಹೂ ಸಂಸ್ಥೆಯು ೨೦೦೯ರಲ್ಲಿ ಮುಚ್ಚಿದಾಗ, ಲಕ್ಷಾಂತರ ಜನರ ಪುಟಗಳು ನೆಲೆ ತಪ್ಪಿದುವು. ಆದುದರಿಂದ ಬರೆದುದನ್ನು ತಿಂಗಳಿಗೊಮ್ಮೆ ಕಾಗದಕ್ಕಿಳಿಸಿ, ದಿನಾಂಕವನ್ನು ಕಾಣಿಸಿ, ಪೆಟ್ಟಿಗೆಯಲ್ಲಿ ಇರಿಸತಕ್ಕದ್ದು. ಪರರ ಮನೆಯ ಗುಟ್ಟನ್ನು ಮಾತ್ರ ಎಲ್ಲಿಯೂ ಬರೆಯಲಾಗದು.

ಗಣಿಯಿಳಿದ ಹಿರಿಯರು ವರ್ಷವರ್ಷಕ್ಕೂ ವಿರಳರಾಗುತ್ತಿರುವರು. ಅವರು ನಮ್ಮೊಡನಿರುವಾಗಲೇ ಕೇಳಿ ಬರೆದುಕೊಳ್ಳಿರಿ. ಈ ಸಂಜೆಯೇ ಒಂದು ಪುಟವಾದರೂ ಆಗಲೆಂದು ನಮ್ಮ ಬಿನ್ನಹ.