ಕುಣಿಯೋರು ಬಂದರು, ಕುಣಿಯೋಕೆ ಜಾಗ ಎಲ್ಲಿ ಸ್ವಾಮಿ?

ಕಿರಂಗೂರು ಬನ್ನಿಮಂಟಪದಲ್ಲಿ ಶ್ರೀರಂಗಪಟ್ಟಣ ದಸರಾ ಶುರುವಾಗುವ ದಿನ ಎಲ್ಲವೂ ಪಟ್ಟಿ ಪ್ರಕಾರ ನಡೆಯುತ್ತದೆ. ಬನ್ನಿ ಪೂಜೆ ಆಯಿತು. ಅಂಬಾರಿಯ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ಆಯಿತು. ಗಣ್ಯರಿಗೆ ಹಾರ ಆಯಿತು, ಫೋಟೊ ಆಯಿತು. ಆನೆ ಪಟ್ಟಣದ ಕಡೆ ಹೆಜ್ಜೆ ಹಾಕಿತು. ಜೊತೆಗೆ ಪೂಜಾ ಕುಣಿತದವರು, ಪಟ ಕುಣಿತದವರು, ಗಾರುಡಿ ಗೊಂಬೆಯವರು, ತಮಟೆಯವರು ಹೊರಟರು. ಆನೆಗೆ ಮಾವುತ ಇದ್ದಾನೆ. ಗಣ್ಯರಿಗೆ ಪೊಲೀಸರಿದ್ದಾರೆ. ಈ ಕುಣಿಯುವ ಜನಕ್ಕೆ ಯಾರಿದ್ದಾರೆ?

ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದರು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು, ದಸರಾವೂ ಅದರ ಬೆನ್ನು ಹತ್ತಿತು. ಆದ್ದರಿಂದ ‘ಮೂಲ ದಸರಾ ನಮ್ಮದು’ ಅಂತ ವೇದಿಕೆ ಮೇಲೆ ಹೇಳಿಕೊಳ್ಳುವುದರಲ್ಲಿ ಸುಳ್ಳೇನೂ ಇಲ್ಲ. ಆದರೆ ಬರೀ ಹೆಮ್ಮೆಯಿಂದ ಮೆರವಣಿಗೆ ನಡೆಯುವುದಿಲ್ಲ. ಅದನ್ನು ಯಾರಾದರೂ ಕೂತು ಯೋಚಿಸಿ ಕಟ್ಟಬೇಕು. ಹಾಗೆ ಕಟ್ಟುವ ವಿದ್ಯೆಗೆ ಒಂದು ಹೆಸರಿದೆ: ಕೋರಿಯೋಗ್ರಫಿ, ಅಂದರೆ ನೃತ್ಯ ಸಂಯೋಜನೆ.

ಬರೀ ಡ್ಯಾನ್ಸ್ ಮೇಷ್ಟ್ರಲ್ಲ

ಕೋರಿಯೋಗ್ರಫಿ ಅಂದ ಕೂಡಲೆ ಜನಕ್ಕೆ ನೆನಪಾಗುವುದು ಸಿನಿಮಾದ ಡ್ಯಾನ್ಸ್ ಮಾಸ್ಟರು. ಆದರೆ ಸಂಯೋಜಕರ ಕೆಲಸ ಬರೀ ಹೆಜ್ಜೆ ಹೇಳಿಕೊಡುವುದಲ್ಲ. ಯಾರು ಎಲ್ಲಿ ನಿಲ್ಲಬೇಕು, ಯಾರು ಯಾವಾಗ ಬರಬೇಕು, ಬೆಳಕು ಯಾವ ಕಡೆಯಿಂದ ಬೀಳಬೇಕು, ಬಟ್ಟೆಯ ಬಣ್ಣ ದೂರಕ್ಕೆ ಹೇಗೆ ಕಾಣಬೇಕು, ಎಷ್ಟು ಜಾಗ ಖಾಲಿ ಬಿಡಬೇಕು, ಇದೆಲ್ಲ ಅದರಲ್ಲಿ ಸೇರುತ್ತದೆ. ದಿನಸಿ ಅಂಗಡಿಯವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಲ್ಲದ ಅಚ್ಚು ಎಲ್ಲಿಟ್ಟರೆ ಗಿರಾಕಿ ಕಣ್ಣಿಗೆ ಬೀಳುತ್ತೆ, ಬಲ್ಬು ಎಲ್ಲಿ ತೂಗಿಬಿಟ್ಟರೆ ತಕ್ಕಡಿ ಕಾಣುತ್ತೆ ಅನ್ನುವುದು ಅವನಿಗೆ ಗೊತ್ತು. ಇಂಗ್ಲಿಷಿನವರು ಅದಕ್ಕೆ ಡಿಸೈನ್ ಅಂತಾರೆ, ಅಷ್ಟೇ.

ಈ ವಿದ್ಯೆಯನ್ನು ಕ್ರಮವಾಗಿ ಕಲಿಸಿದವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು ಕನ್ನಡ ನಾಡಿನ ಮಗಳೇ. ಬೆಂಗಳೂರಿನ ಮಾಯಾ ರಾವ್ ಹುಟ್ಟಿದ್ದು 1928ರಲ್ಲಿ. ಕಥಕ್ ಕಲಿತರು, ಶಂಭು ಮಹಾರಾಜರ ಶಿಷ್ಯೆಯಾದರು. 1960ರಲ್ಲಿ ಮಾಸ್ಕೋಗೆ ಹೋಗಿ ನೃತ್ಯ ಸಂಯೋಜನೆಯನ್ನೇ ವಿಷಯವಾಗಿ ಓದಿದರು. 1964ರಲ್ಲಿ ದೆಹಲಿಯ ಭಾರತೀಯ ನಾಟ್ಯ ಸಂಘದಲ್ಲಿ ಅದನ್ನು ಕಲಿಸುವ ಸಂಸ್ಥೆ ಆರಂಭಿಸಿದರು. ಬೆನ್ನಿಗೆ ನಿಂತವರು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ದೇಶದ ಕೈಮಗ್ಗ, ಕರಕುಶಲಕ್ಕೆ ಮತ್ತೆ ಜೀವ ತುಂಬಿದ ಅದೇ ಕಮಲಾದೇವಿ. 1987ರಲ್ಲಿ, ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, ಮಾಯಾ ರಾವ್ ಸಂಸ್ಥೆಯನ್ನು ಬೆಂಗಳೂರಿಗೆ ತಂದರು. 2014ರಲ್ಲಿ ತೀರಿಕೊಳ್ಳುವವರೆಗೂ ಶಿಷ್ಯರನ್ನು ತಯಾರು ಮಾಡಿದರು.

ಅವರ ಮಗಳು ಮಧು ನಟರಾಜ್ 1995ರಲ್ಲಿ ಸಮಕಾಲೀನ ನೃತ್ಯಕ್ಕಾಗಿ ಒಂದು ತಂಡ ಕಟ್ಟಿದರು. ಹೆಸರು ‘ಸ್ಟೆಮ್ ಡ್ಯಾನ್ಸ್ ಕಂಪ್ನಿ’. ನಾಟಕದ ‘ಕಂಪ್ನಿ’ ನೋಡಿಕೊಂಡು ಬೆಳೆದ ಮಂಡ್ಯ ಕಡೆಯವರಿಗೆ ಆ ಮಾತೇನೂ ಹೊಸದಲ್ಲ. ‘ಸ್ಟೆಮ್’ ಅನ್ನುವುದು ನಾಲ್ಕು ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳನ್ನು ಸೇರಿಸಿದ್ದು. ಕನ್ನಡದಲ್ಲಿ ಹೇಳುವುದಾದರೆ ಜಾಗ, ಕಾಲ, ಶಕ್ತಿ, ಚಲನೆ. ಈ ನಾಲ್ಕು ಇಲ್ಲದೆ ಯಾವ ಕುಣಿತವೂ ಇಲ್ಲ, ಬೆಂಗಳೂರಿನದ್ದಾಗಲಿ ಕಿರಂಗೂರಿನದ್ದಾಗಲಿ.

ಬಿದಿರಿನ ಲೆಕ್ಕ ಬಲ್ಲವರು

ಹಾಗಂತ ನಮ್ಮ ಹಳ್ಳಿಯವರಿಗೆ ವಿನ್ಯಾಸ ಗೊತ್ತಿಲ್ಲ ಅಂತ ಯಾರಾದರೂ ಅಂದರೆ ಅವರು ಪೂಜಾ ಕುಣಿತ ನೋಡಿಲ್ಲ ಅಂತಲೇ ಅರ್ಥ. ಬಿದಿರಿನ ಚೌಕಟ್ಟು ಕಟ್ಟಿ, ಅದಕ್ಕೆ ಬಣ್ಣದ ಸೀರೆ ನಿರಿಗೆ ಹಿಡಿದು, ನಡುವೆ ದೇವಿಯ ಮುಖ ಕೂರಿಸಿ, ಹೂವಿನಿಂದ ಸಿಂಗರಿಸುತ್ತಾರೆ. ಆಮೇಲೆ ಅಷ್ಟನ್ನೂ ತಲೆ ಮೇಲೆ ಹೊತ್ತು, ಕೈ ಬಿಟ್ಟು, ತಮಟೆ ಗತ್ತಿಗೆ ಕುಣಿಯುತ್ತಾರೆ. ತೂಕ ಒಂದು ಕಡೆಗೆ ವಾಲಿದರೆ ಹೋಗುವುದು ಹೊತ್ತವನ ಕತ್ತು. ಕಟ್ಟುವವನು ಆ ತೂಕವನ್ನು ಕಣ್ಣಳತೆಯಲ್ಲೇ ಸರಿದೂಗಿಸುತ್ತಾನೆ. ಅವನು ಯಾವ ಕಾಲೇಜಿಗೂ ಹೋದವನಲ್ಲ.

ಪಟ ಕುಣಿತದ್ದೂ ಅದೇ ಕಥೆ. ಹತ್ತು ಹದಿನೈದು ಅಡಿ ಉದ್ದದ ಬಿದಿರು, ಅದಕ್ಕೆ ಸುತ್ತಿದ ಬಣ್ಣದ ಬಟ್ಟೆ, ತುದಿಯಲ್ಲಿ ಲೋಹದ ಕೊಡೆ. ಹತ್ತಾರು ಪಟಗಳು ಒಟ್ಟಿಗೆ ತೂಗಿದರೆ ದೂರದಲ್ಲಿ ನಿಂತವನಿಗೆ ಬಣ್ಣದ ತೋಪೇ ಅಲ್ಲಾಡಿದ ಹಾಗೆ ಕಾಣುತ್ತದೆ. ಗಾರುಡಿ ಗೊಂಬೆಯ ಒಳಗೆ ಹೊಕ್ಕವನಿಗೆ ಹೊರಗಿನ ಲೋಕ ಕಾಣುವುದು ಒಂದು ಸಣ್ಣ ಕಿಂಡಿಯಲ್ಲಿ ಮಾತ್ರ. ಮುಂದೆ ಗುಂಡಿಯಿದ್ದರೂ ಅವನಿಗೆ ಕಾಣದು, ಕಾಲಡಿ ಮಗು ಬಂದರೂ ಕಾಣದು.

ಇಂಥವರನ್ನು ತಂದು, ಒಂದು ತಂಡದ ಬೆನ್ನಿಗೆ ಇನ್ನೊಂದು ತಂಡ ತುರುಕಿ, ‘ನಡೀರಿ, ನಡೀರಿ’ ಅಂತ ಅಟ್ಟಿದರೆ ಏನಾಗುತ್ತದೆ? ಪಟದ ತುದಿ ಕರೆಂಟ್ ತಂತಿಗೆ ಎಲ್ಲಿ ತಾಗುತ್ತದೋ ಅಂತ ಕುಣಿಯುವವನು ಮೇಲೆ ನೋಡಬೇಕು. ಪೂಜೆ ಹೊತ್ತವನಿಗೆ ಒಂದು ಸುತ್ತು ತಿರುಗಲೂ ಜಾಗವಿಲ್ಲ. ಹಿಂದಿನ ತಂಡದ ತಮಟೆ ಮುಂದಿನವರ ತಾಳ ಕೆಡಿಸುತ್ತದೆ. ಎರಡನ್ನೂ ಧ್ವನಿವರ್ಧಕದ ಹಾಡು ನುಂಗುತ್ತದೆ. ಕೂಲಿ ಬಿಟ್ಟು ಬಂದವನು ಕುಣಿದದ್ದಕ್ಕಿಂತ ನಡೆದದ್ದೇ ಹೆಚ್ಚು. ನೋಡಲು ಬಂದ ಜನ ನೋಡುವುದು ಬೆನ್ನುಗಳನ್ನು. ಇದು ಕಿರಂಗೂರಿನ ಒಂದೇ ರಸ್ತೆಯ ಮಾತಲ್ಲ, ನಾಡಿನ ಎಷ್ಟೋ ಉತ್ಸವ ಮೆರವಣಿಗೆಗಳ ಹಣೆಬರಹ.

ರಸ್ತೆಗೆ ಬೇಕು ಸಂಯೋಜನೆ

ನೃತ್ಯ ಸಂಯೋಜಕರ ಕಣ್ಣು ಬೇಕಾಗಿರುವುದು ಇಲ್ಲೇ. ಬನ್ನಿಮಂಟಪದಿಂದ ಕಾವೇರಿ ದಾಟಿ ಪಟ್ಟಣ ಮುಟ್ಟುವವರೆಗಿನ ರಸ್ತೆಯನ್ನೇ ಒಂದು ರಂಗಸ್ಥಳ ಅಂತ ತಿಳಿದರೆ ಕೆಲಸ ತಾನಾಗಿ ಕಾಣುತ್ತದೆ. ತಂತಿ ಇಲ್ಲದ, ರಸ್ತೆ ಅಗಲವಿರುವ ನಾಲ್ಕೈದು ಜಾಗ ಮೊದಲೇ ಗುರುತಿಸಬೇಕು. ಅಲ್ಲಿ ಪ್ರತಿ ತಂಡವೂ ನಿಂತು ಮನಸಾರೆ ಕುಣಿಯಲಿ, ಉಳಿದ ಕಡೆ ಸುಮ್ಮನೆ ನಡೆಯಲಿ. ತಂಡ ತಂಡಗಳ ನಡುವೆ ಒಂದರ ತಮಟೆ ಇನ್ನೊಂದಕ್ಕೆ ಅಡ್ಡಿಯಾಗದಷ್ಟು ಅಂತರ ಬಿಡಬೇಕು. ಹೊತ್ತು ಮುಳುಗಿದ ಮೇಲೆ ಕುಣಿಯುವವರ ಕಣ್ಣಿಗೇ ಹೊಡೆಯುವ ದೀಪ ಬೇಡ, ಅವರ ಮೈಮೇಲೆ ಬೀಳುವ ದೀಪ ಬೇಕು. ಭಾರ ಹೊತ್ತವರಿಗೆ ಇಳಿಸಿ ಸುಧಾರಿಸಿಕೊಳ್ಳಲು ನೆರಳು, ಕುಡಿಯಲು ನೀರು ಬೇಕು.

ಇದರಲ್ಲಿ ಬಸ್ಸಿನ ಜನಕ್ಕೂ ಲಾಭವಿದೆ. ಯಾವ ತಂಡ ಎಷ್ಟು ಹೊತ್ತಿಗೆ ಎಲ್ಲಿರುತ್ತದೆ ಅನ್ನುವ ಲೆಕ್ಕ ಇದ್ದರೆ ರಸ್ತೆ ಯಾವಾಗ ಬಂದ್, ಯಾವಾಗ ತೆರವು ಅಂತ ಹಿಂದಿನ ದಿನವೇ ಹೇಳಬಹುದು. ಪಾಂಡವಪುರದ ಬಸ್ಸಿಗೆ ಕಾದು ನಿಂತ ಹೆಂಗಸು ಮಗು ಎತ್ತಿಕೊಂಡು ‘ಈಗ ಬತ್ತದೆ, ಆಗ ಬತ್ತದೆ’ ಅಂತ ರಸ್ತೆ ನೋಡುವುದು ತಪ್ಪುತ್ತದೆ. ಅಂಗಡಿಯವರಿಗೂ ಅಷ್ಟೇ. ಜನ ನಿಂತು ನೋಡುವ ಕಡೆ ನಾಲ್ಕು ಕಾಸು ವ್ಯಾಪಾರ ಆದೀತು. ನೂಕುನುಗ್ಗಲಲ್ಲಿ ಆಗುವುದು ಷಟರ್ ಎಳೆಯುವ ಕೆಲಸ ಮಾತ್ರ.

‘ಹಳ್ಳಿ ಕುಣಿತಕ್ಕೆ ಬೆಂಗಳೂರಿನವರು ಯಾಕೆ? ಬಂದು ಹೆಜ್ಜೆಯನ್ನೇ ಬದಲಾಯಿಸಿಬಿಟ್ಟರೆ?’ ಅಂತ ಕೇಳುವವರಿದ್ದಾರೆ. ಅವರ ಭಯ ನ್ಯಾಯವಾದದ್ದೇ. ಊರ ದೇವಿಯ ಕುಣಿತವನ್ನು ಮೂರು ನಿಮಿಷಕ್ಕೆ ಕತ್ತರಿಸಿ, ಮಿರುಗುವ ಬಟ್ಟೆ ತೊಡಿಸಿ ವೇದಿಕೆಗೆ ಹತ್ತಿಸುವ ಚಾಳಿ ನಾಡಿನಲ್ಲಿ ಹೊಸದಲ್ಲ. ಹಾಗೆ ಮಾಡುವವರು ಬರುವುದೇ ಬೇಡ. ಆದರೆ ಸಂಯೋಜನೆ ಓದಿದವರು ಬಂದು ಮೊದಲು ನೋಡಲಿ. ಹಿರಿಯ ಕಲಾವಿದರನ್ನು ಕೂರಿಸಿಕೊಂಡು ‘ನಿಮಗೆ ಎಷ್ಟು ಜಾಗ ಬೇಕು, ಎಷ್ಟು ಹೊತ್ತು ಬೇಕು’ ಅಂತ ಕೇಳಲಿ. ಕುಣಿತ ಕುಣಿಯುವವರ ಸ್ವತ್ತು, ಅದನ್ನು ಮುಟ್ಟಬಾರದು. ಸರಿಪಡಿಸಬೇಕಾದದ್ದು ರಸ್ತೆ, ಹೊತ್ತು, ಬೆಳಕು.

ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಕಾಗಿಲ್ಲ. ಬೇಕಾಗಿರುವುದು ದಸರಾಕ್ಕೆ ತಿಂಗಳು ಮೊದಲು ಒಂದು ಸಭೆ, ರಸ್ತೆಯ ಒಂದು ನಕ್ಷೆ, ಆ ಸಭೆಯಲ್ಲಿ ಕಲಾವಿದರಿಗೆ ಎರಡು ಕುರ್ಚಿ. ದಸರಾ ಸಮಿತಿಯಲ್ಲಿ ಆಹಾರಕ್ಕೆ ಒಬ್ಬರು, ವೇದಿಕೆಗೆ ಒಬ್ಬರು ಅಂತ ಹೊಣೆ ಹಂಚುವ ಅಧಿಕಾರಿ ಮಹಾಶಯರು, ಕುಣಿಯುವವರ ಜಾಗ ಮತ್ತು ಹೊತ್ತಿನ ಹೊಣೆಯನ್ನೂ ತಿಳಿದ ಒಬ್ಬರಿಗೆ ಬರೆದುಕೊಡಲಿ. ಗೌರವಧನವನ್ನು ಕಲಾವಿದರ ಕೈಗೆ ಅದೇ ದಿನ ಮುಟ್ಟಿಸಲಿ.

ಅಂಬಾರಿ ಕಟ್ಟುವಾಗ ಹಗ್ಗ ಎಲ್ಲಿ ಬಿಗಿಯಬೇಕು, ತೂಕ ಹೇಗೆ ಕೂರಬೇಕು ಅಂತ ಬಲ್ಲವರನ್ನೇ ಕರೆಸುತ್ತೇವೆ. ತಲೆ ಮೇಲೆ ದೇವಿಯನ್ನು ಹೊತ್ತು ಕುಣಿಯುವ ಮನುಷ್ಯನಿಗೂ ಅಷ್ಟೇ ಎಚ್ಚರಿಕೆ ಸಲ್ಲಬೇಕು. ಮುಂದಿನ ದಸರಾದಲ್ಲಿ ಕಿರಂಗೂರಿನ ರಸ್ತೆ ಮೇಲೆ ಅವನಿಗೆ ಒಂದು ಸುತ್ತು ತಿರುಗಲು ಜಾಗ ಸಿಗುತ್ತದೋ ಇಲ್ಲವೋ, ಜಿಲ್ಲಾಡಳಿತ ಈಗಲೇ ಹೇಳಲಿ.