ಪಟ್ಟಿಯ ಬಾಲದ ಕಾಲೇಜು

“ಎಲ್ಲೂ ಸಿಗಲಿಲ್ಲಂದ್ರ ಅದು ಇದ್ದ ಐತಿ.”

ಸಿಇಟಿ ರ‍್ಯಾಂಕ್ ಬಂದ ಮೇಲೆ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಮನೆಗಳಲ್ಲಿ ಕೇಳಿಬರುವ ಮಾತಿದು. ‘ಅದು’ ಎಂದರೆ ಊರ ಹತ್ತಿರದ ಕಾಲೇಜು. ಆಪ್ಷನ್ ಎಂಟ್ರಿಯ ಮೊದಲ ಸಾಲುಗಳೆಲ್ಲ ಬೆಂಗಳೂರಿಗೆ, ಆಮೇಲೆ ಹುಬ್ಬಳ್ಳಿ, ಬೆಳಗಾವಿ. ಚಿಕ್ಕೋಡಿಯ ಕೆಎಲ್‌ಇ ಎಂಜಿನಿಯರಿಂಗ್ ಕಾಲೇಜೋ ನಿಪ್ಪಾಣಿಯ ಕೋಠಿವಾಲೆ ತಾಂತ್ರಿಕ ಸಂಸ್ಥೆಯೋ ಬಾಲಕ್ಕೆ ಸೇರುತ್ತದೆ. ಬೆಂಗಳೂರಿನ ಹಾಸ್ಟೆಲ್ ಊಟ ಹೇಗಿದೆ ಎಂದು ನಾಲ್ಕು ಜನರಿಗೆ ಫೋನ್ ಮಾಡಿದ ತಂದೆ, ಸಂತೆಗೆ ಹೋಗುವ ದಾರಿಯಲ್ಲೇ ಇರುವ ಕಾಲೇಜಿನ ಗೇಟು ದಾಟಿರುವುದಿಲ್ಲ.

ಅಮೆರಿಕದ ಕೆಲವು ಖಾಸಗಿ ಕಾಲೇಜುಗಳು ಅರ್ಜಿ ಹಾಕಿದವರು ಕ್ಯಾಂಪಸ್ಸಿಗೆ ಬಂದಿದ್ದರೇ, ಪತ್ರ ಬರೆದಿದ್ದರೇ ಎಂದು ಲೆಕ್ಕ ಇಡುತ್ತವೆ. ಕಾಟಾಚಾರಕ್ಕೆ ಅರ್ಜಿ ಹಾಕಿದ ಜಾಣರಿಗೂ ಅಲ್ಲಿ ಸೀಟು ತಪ್ಪಬಹುದು. ನಮ್ಮಲ್ಲಿ ಸೀಟು ಹಂಚುವ ಕೆಇಎ ಕಂಪ್ಯೂಟರ್ ಇದನ್ನೆಲ್ಲ ಕೇಳುವುದಿಲ್ಲ. ರ‍್ಯಾಂಕ್, ಮೀಸಲಾತಿ, ಆಯ್ಕೆಯ ಕ್ರಮ ಸಿಕ್ಕರೆ ಅದಕ್ಕೆ ಸಾಕು. ಆದರೆ ನಾಲ್ಕು ವರ್ಷ ಆ ಬೆಂಚಿನಲ್ಲಿ ಕೂರುವವಳು ಮಗಳು. ಅವಳಿಗೆ ಸಾಕೇ?

ಒಂದು ದಿನ ಹೋಗಿ ನೋಡಿದರೆ ತಿಳಿಯುವುದು ಬಹಳ. ಎನ್‌ಬಿಎ ಮಾನ್ಯತೆ ಸಿಗುವುದು ಇಡೀ ಕಾಲೇಜಿಗಲ್ಲ, ಒಂದೊಂದು ವಿಭಾಗಕ್ಕೆ. ಕಾಲೇಜಿನ ಹೆಸರು ಕೇಳಿ ಸುಮ್ಮನಾಗದೆ ತನಗೆ ಬೇಕಾದ ವಿಭಾಗದ್ದನ್ನೇ ವಿಚಾರಿಸಬೇಕು. ಲ್ಯಾಬಿನ ಯಂತ್ರ ಓಡುತ್ತದೆಯೇ, ಕಾಯಂ ಅಧ್ಯಾಪಕರು ಎಷ್ಟು ಮಂದಿ, ಸಂಜೆ ಕೊನೆಯ ಬಸ್ಸು ಎಷ್ಟಕ್ಕೆ? ಇದನ್ನೆಲ್ಲ ಮೂರನೇ ವರ್ಷದ ವಿದ್ಯಾರ್ಥಿಗಳು ಪ್ರಿನ್ಸಿಪಾಲರಿಗಿಂತ ನೇರವಾಗಿ ಹೇಳುತ್ತಾರೆ. ವಿಟಿಯು ಅಡಿಯಲ್ಲಿ ಸ್ವಾಯತ್ತವಲ್ಲದ ಕಾಲೇಜುಗಳಿಗೆಲ್ಲ ಪಠ್ಯ ಒಂದೇ, ಸೆಮಿಸ್ಟರ್ ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಒಂದೇ. ಈ ಮಾತು ಮನೆಯ ಚರ್ಚೆಯಲ್ಲಿ ಬರುವುದೇ ಅಪರೂಪ.

ಗಡಿಯವರ ಲೆಕ್ಕ ಇನ್ನೂ ತೊಡಕಿನದು. ಕಾಗವಾಡಕ್ಕೆ ಬೆಳಗಾವಿಗಿಂತ ಮಹಾರಾಷ್ಟ್ರದ ಮೀರಜ್, ಸಾಂಗ್ಲಿಯೇ ಹತ್ತಿರ. ಅಲ್ಲಿನ ಸಿಇಟಿ ಬೇರೆ, ಸ್ಥಳೀಯರು ಯಾರೆಂಬ ನಿಯಮವೂ ಬೇರೆ. ನಿಪ್ಪಾಣಿಯಲ್ಲಿ ಬಿಎ, ಬಿಕಾಂ ಓದುವವರ ಮುಂದೆ ಜಿ.ಐ. ಬಾಗೇವಾಡಿ ಕಾಲೇಜಿದೆ, ಊರಿಗೆ ಅಂಟಿಕೊಂಡ ಅರ್ಜುನನಗರದಲ್ಲಿ ದೇವಚಂದ ಕಾಲೇಜೂ ಇದೆ. ಮೊದಲನೆಯದು 2010ರಲ್ಲಿ ಶುರುವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ್ದು. ಎರಡನೆಯದು ಇರುವುದು ಮಹಾರಾಷ್ಟ್ರದ ನೆಲದಲ್ಲಿ, ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಅಡಿ. ಊರು ಒಂದೇ ಅನ್ನಿಸಿದರೂ ಪಠ್ಯ, ವಿದ್ಯಾರ್ಥಿವೇತನ, ಬಸ್ ಪಾಸ್ ಎಲ್ಲವನ್ನೂ ಎರಡೆರಡು ಸಲ ಕೇಳಬೇಕು. “ಮನೀ ಬಾಜೂನ ಐತಿ” ಎಂಬ ಒಂದೇ ಕಾರಣಕ್ಕೆ ಅರ್ಜಿ ಕೊಡುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಸೀಟು ಹಂಚಿಕೆಯಾದ ಮೇಲೆ ‘ಚಾಯ್ಸ್’ ಒತ್ತಲು ಸಿಗುವುದು ಕೆಲವೇ ದಿನ. ಒಂದು ಒತ್ತಿದರೆ ಆ ಕಾಲೇಜೇ ಕಾಯಂ, ಎರಡು ಒತ್ತಿದರೆ ಸೀಟು ಹಿಡಿದುಕೊಂಡೇ ಮೇಲಿನದಕ್ಕೆ ಕಾಯಬಹುದು, ಮೂರು ಒತ್ತಿದರೆ ಕೈಯಲ್ಲಿದ್ದದ್ದು ಹೋಗುತ್ತದೆ. ಕಾಲೇಜನ್ನು ಕಣ್ಣಾರೆ ನೋಡದವರು ಆ ಗಡಿಬಿಡಿಯಲ್ಲಿ ಸೈಬರ್ ಸೆಂಟರಿನವನ ಮುಖ ನೋಡುತ್ತಾರೆ. ಅದಕ್ಕೂ ಮೊದಲು ನಡೆಯುವ ಅಣಕು ಹಂಚಿಕೆಯ ಫಲಿತಾಂಶ ಬಂದ ಮೇಲೂ ಆಯ್ಕೆಯ ಕ್ರಮ ತಿದ್ದಲು ಅವಕಾಶವಿರುತ್ತದೆ. ರಾಯಬಾಗದಿಂದ ಬೆಳಗಿನ ಬಸ್ಸು ಹತ್ತಿ ಚಿಕ್ಕೋಡಿಯ ಕ್ಯಾಂಪಸ್ ಸುತ್ತಿ, ರಾತ್ರಿಯೊಳಗೆ ಮನೆಗೆ ಬಂದು ಪಟ್ಟಿಯನ್ನು ಮತ್ತೊಮ್ಮೆ ಬಿಡಿಸಿಕೊಂಡು ಕೂರಬಹುದು.